‘ಉಪಮಿಷನ್’ ಸಾಕಾ, ‘ಮಜರೆ’ ಸಲ್ಲುತ್ತಾ?

ಗೆಳೆಯರೇ,

ಸ್ಪೇನಿನವರ ಕಾಲದ ಕ್ಯಾಲಿಫೋರ್ನಿಯಾ ಮಿಷನ್‌ಗಳ, ಅಂದರೆ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಲು ಪಾದ್ರಿಗಳು ಕಟ್ಟಿದ ನೆಲೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 1769ರಿಂದ 1823ರವರೆಗೆ ಎದ್ದ 21 ಮಿಷನ್‌ಗಳದ್ದು ತೊಂದರೆಯಿಲ್ಲ. ನಾನು ಸಿಕ್ಕಿಕೊಂಡಿರುವುದು ಅವುಗಳ ಮರಿಗಳ ಹತ್ತಿರ, ಅಂದರೆ ಅವುಗಳ ಕೈಕೆಳಗಿನ ಚಿಕ್ಕ ನೆಲೆಗಳಿಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿ.

ಸ್ಪ್ಯಾನಿಷ್‌ನಲ್ಲಿ ಇವಕ್ಕೆ ಎರಡು ಹೆಸರು. ಒಂದು ವಿಸಿತಾ, ಅಂದರೆ ಭೇಟಿ. ಪಾದ್ರಿ ಅಲ್ಲಿ ನೆಲೆಸುವುದಿಲ್ಲ. ಆಗಾಗ ಬಂದು ಪೂಜೆ ಮಾಡಿ, ದೀಕ್ಷಾಸ್ನಾನ ಕೊಟ್ಟು ಹೋಗುತ್ತಾನೆ. ಬರುವ ಕೆಲಸದ ಹೆಸರೇ ಜಾಗಕ್ಕೂ ಅಂಟಿತು. ಇನ್ನೊಂದು ಅಸಿಸ್ತೆನ್ಸಿಯಾ, ಅಂದರೆ ನೆರವು. ಇದು ಸ್ವಲ್ಪ ದೊಡ್ಡದು, ಹಿರಿಯ ಮಿಷನ್ನಿಗೆ ಕೈಯಾಳು ಇದ್ದ ಹಾಗೆ. ಸ್ಯಾನ್ ರಫಾಯೆಲ್ 1817ರಲ್ಲಿ ಶುರುವಾದದ್ದು ಹೀಗೇ. ಸ್ಯಾನ್ ಫ್ರಾನ್ಸಿಸ್ಕೋ ಮಿಷನ್ನಿನಲ್ಲಿ ಕಾಯಿಲೆ ಬಿದ್ದ ಮೂಲನಿವಾಸಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. 1822ರಲ್ಲಿ ಅದಕ್ಕೆ ಪೂರ್ಣ ಮಿಷನ್ ಅಂತ ಬಡ್ತಿ ಸಿಕ್ಕಿತು!

ಎರಡಕ್ಕೂ ‘ಉಪಮಿಷನ್’ ಅಂತ ಬರೆದು ನೋಡಿದೆ. ಯಾವುದೋ ಸರ್ಕಾರಿ ಕಚೇರಿಯ ಬೋರ್ಡು ಓದಿದ ಹಾಗಾಯಿತು.

ಆಮೇಲೆ ಹೊಳೆದದ್ದು ನಮ್ಮ ಕಂದಾಯದ ಜೋಡಿ ಪದ: ಕಸಬಾ ಅಂದರೆ ಮುಖ್ಯ ಊರು, ಮಜರೆ ಅಂದರೆ ದೊಡ್ಡ ಊರಿಗೆ ಸೇರಿದ ಚಿಕ್ಕ ಹಳ್ಳಿ. ಪಾದ್ರಿ ನೆಲೆಸುವ ಮುಖ್ಯ ಊರನ್ನು ಸ್ಪೇನಿನವರು ಕಬೆಸೆರಾ ಅನ್ನುತ್ತಿದ್ದರು, ‘ತಲೆ’ ಅನ್ನುವ ಮಾತಿನಿಂದ ಹುಟ್ಟಿದ್ದು. ಫಿಲಿಪೀನ್ಸ್‌ನಲ್ಲೂ ಕಬೆಸೆರಾ, ವಿಸಿತಾ ಇದೇ ಜೋಡಿ ನಡೆಯುತ್ತಿತ್ತು. (ಅಲ್ಲಿನ ತಗಾಲೋಗ್ ನುಡಿಯಲ್ಲಿ ‘ಬಿಸಿತಾ’ ಅಂದರೆ ಮನೆಗೆ ಬಂದ ನೆಂಟ ಕೂಡ!) ಕಬೆಸೆರಾಕ್ಕೆ ಕಸಬಾ, ವಿಸಿತಾಕ್ಕೆ ಮಜರೆ. ಸರಿ ಕೂರುತ್ತದೆ ಅಲ್ವಾ?

ನನಗೆ ಮಜರೆ ಹಿಡಿಸಲು ಇನ್ನೊಂದು ಕಾರಣ ಕ್ಯಾಲಿಫೋರ್ನಿಯಾದ ಪಾಲಾ ಅನ್ನುವ ಊರು. 1816ರಲ್ಲಿ ಫಾದರ್ ಪೇಯ್ರಿ ಅಲ್ಲಿ ಅಸಿಸ್ತೆನ್ಸಿಯಾ ಕಟ್ಟಿಸಿದರು. ಗಂಟೆಗೋಪುರ ಚರ್ಚಿಗೆ ತಾಗಿಕೊಂಡಿಲ್ಲ, ಬೇರೆಯಾಗಿ ನಿಂತಿದೆ. ಎರಡು ಕಮಾನು, ಒಂದರ ಮೇಲೊಂದು, ಒಂದೊಂದರಲ್ಲಿ ಒಂದು ಗಂಟೆ. 1916ರ ನೆರೆಗೆ ಅದು ಬಿತ್ತು, ಮತ್ತೆ ಕಟ್ಟಿದರು. ಮೂಲನಿವಾಸಿಗಳು ಇವತ್ತಿಗೂ ಅಲ್ಲಿ ಪೂಜೆಗೆ ಬರುತ್ತಾರೆ. ‘ಉಪಮಿಷನ್’ ಅಂದರೆ ಬರೀ ಕಟ್ಟಡ ಕಾಣುತ್ತದೆ. ‘ಮಜರೆ’ ಅಂದರೆ ಜನ, ದನ, ಹೊಲ ಎಲ್ಲ ಕಾಣುತ್ತದೆ.

ಆದರೆ ಒಂದು ಅಳುಕು. ಮಜರೆಯಲ್ಲಿ ‘ಬಂದು ಹೋಗುವುದು’ ಇಲ್ಲ. ವಿಸಿತಾದ ಜೀವವೇ ಅದು. ‘ಭೇಟಿಗುಡಿ’ ಅಂತ ಹೊಸೆದು ನೋಡಿದೆ, ಸುಮ್ನೆ ನಗು ಬಂತು.

ನಿಮ್ಮ ಊರಿನ ಕಡೆ ಸ್ವಾಮಿಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುವ ಚಿಕ್ಕ ಚರ್ಚು ಇದ್ದರೆ, ಅದಕ್ಕೆ ಆಡುಮಾತಿನಲ್ಲಿ ಏನಂತೀರಿ? ಬರೆಯುವಾಗಿನ ಪದ ಬೇಡ, ಮನೆಯಲ್ಲಿ ಅನ್ನುವುದು ಬೇಕು.