ವಾರಾಂತ್ಯದ ಕರ್ಫ್ಯೂ: ಕೆರೆಯ ದೋಣಿ ಗುತ್ತಿಗೆಯನ್ನು ನವೀಕರಿಸಬೇಕೇ, ಬಿಡಬೇಕೇ?

ಪ್ರಶ್ನೆ (ಹುಬ್ಬಳ್ಳಿ, ಜನವರಿ 2022):
ನಗರದ ಹೊರವಲಯದ ಕೆರೆಯೊಂದರಲ್ಲಿ ದೋಣಿ ವಿಹಾರದ ಗುತ್ತಿಗೆ ಹಿಡಿದಿದ್ದೇನೆ. ಆರು ಪೆಡಲ್ ದೋಣಿಗಳೂ ಒಂದು ಮೋಟಾರು ದೋಣಿಯೂ ಇವೆ. ಕೊರೊನಾ ಕಾರಣ ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಿಗ್ಗೆ 5ರವರೆಗೆ ಕರ್ಫ್ಯೂ ಇರುವುದರಿಂದ ಗಳಿಕೆಯ ಎರಡು ದಿನಗಳೇ ಕೈತಪ್ಪಿವೆ. ಮಾರ್ಚ್‌ನಲ್ಲಿ ನವೀಕರಣ. ಈ ಎರಡು ವರ್ಷ ದೋಣಿ ನಡೆಸಿದವರು ದಯವಿಟ್ಟು ಅನುಭವ ತಿಳಿಸಿರಿ.

ಗದಗದಿಂದ:
ನಾನು ಬಿಟ್ಟೆ, ಬಿಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. 2020ರ ಮಾರ್ಚ್ ಮೊದಲ ವಾರದಲ್ಲಿ ವರ್ಷದ ಗುತ್ತಿಗೆ ಹಣ 3,20,000 ರೂಪಾಯಿ ಕಟ್ಟಿದೆ. 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ದೋಣಿ ಸಾಲದ ಕಂತುಗಳನ್ನು ರಿಸರ್ವ್ ಬ್ಯಾಂಕು ಮೊದಲು ಮೇ ಕೊನೆಯವರೆಗೆ, ಆಮೇಲೆ ಆಗಸ್ಟ್ 31ರವರೆಗೆ ಮುಂದೂಡಲು ಅವಕಾಶ ಕೊಟ್ಟಾಗ ಅದನ್ನು ಮನ್ನಾ ಎಂಬಂತೆ ನಂಬಿ ಕುಳಿತದ್ದು ನನ್ನದೇ ತಪ್ಪು. ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ತುಂಬಿಕೊಟ್ಟರೂ ಅಸಲಿನ ಬಡ್ಡಿ ಒಂದು ದಿನವೂ ನಿಂತಿರಲಿಲ್ಲ. ನಿಂತ ದೋಣಿಗಳ ಸುತ್ತ ಅಂತರಗಂಗೆ ಹೆಣೆದುಕೊಂಡು, ಅದರ ಬೇರು ಪೆಡಲ್ ಚಕ್ರಕ್ಕೆ ಸುತ್ತಿ, ಕುಡುಗೋಲಿನಿಂದ ಕತ್ತರಿಸಿ ತೆಗೆಯಲು ನಾಲ್ಕು ಆಳುಗಳಿಗೆ ಮೂರು ದಿನದ ಕೂಲಿ 4,800 ರೂಪಾಯಿ ಕೊಟ್ಟೆ. 2021ರಲ್ಲಿ ಏಪ್ರಿಲ್ 27ರಿಂದ ಮತ್ತೆ ಬಾಗಿಲು ಮುಚ್ಚಿತು. ಎರಡು ಬೇಸಿಗೆ ರಜೆಗಳನ್ನು ಕಳೆದುಕೊಂಡ ಮೇಲೆ ಮಳೆಗಾಲದಲ್ಲಿ ಯಾರು ದೋಣಿ ಹತ್ತುತ್ತಾರೆ?

ಹಾವೇರಿಯಿಂದ:
ಗದಗದವರು ಕೆರೆಯ ಒಡೆತನದವರಿಗೆ ಪತ್ರ ಬರೆಯಲಿಲ್ಲ, ನಾನು ಬರೆದೆ. ಕೊರೊನಾದಿಂದ ಪೂರೈಕೆಗೆ ಅಡ್ಡಿಯಾದರೆ ಅದನ್ನು ನೈಸರ್ಗಿಕ ವಿಕೋಪವೆಂದು ಪರಿಗಣಿಸಬಹುದೆಂದು ಕೇಂದ್ರ ಹಣಕಾಸು ಸಚಿವಾಲಯವು 2020ರ ಫೆಬ್ರುವರಿ 19ರಂದೇ ಹೇಳಿತ್ತು. ಕೆರೆಯ ಒಡೆತನದವರು ಅದು ತಮಗೆ ಅನ್ವಯಿಸುವುದಿಲ್ಲವೆಂದು ಉತ್ತರಿಸಿದರು. ಆದರೂ ಕರಾರಿನಲ್ಲಿದ್ದ ವಿಕೋಪದ ಷರತ್ತನ್ನು (ಕೈಮೀರಿದ ಅಡ್ಡಿ ಬಂದಾಗ ಕರಾರು ಸಡಿಲಿಸುವ ಷರತ್ತು) ತೋರಿಸಿ ಏಳು ಪತ್ರ ಬರೆದು, ಬಾಡಿಗೆ ಇಳಿಸಿಕೊಳ್ಳಲಾಗದಿದ್ದರೂ ಅವಧಿಯನ್ನು ಆರು ತಿಂಗಳು ವಿಸ್ತರಿಸಿಕೊಂಡೆ. ಮೋಟಾರಿನ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಉಳಿಸದೆ ಖಾಲಿ ಮಾಡಿಟ್ಟದ್ದರಿಂದ ಅದೂ ಕೆಡಲಿಲ್ಲ. ಧೈರ್ಯವಿದ್ದವರು ಉಳಿದರು.

ಗದಗದಿಂದ:
ನನ್ನ ಕರಾರಿನಲ್ಲಿ ಅಂಥ ಷರತ್ತೇ ಇರಲಿಲ್ಲ. ಓದದೆ ಸಹಿ ಮಾಡಿದ್ದೆನೆಂದು ನೀವು ಹೇಳಬಹುದು, ಹೇಳಿರಿ. ಆದರೆ ಆರು ತಿಂಗಳ ವಿಸ್ತರಣೆಯೂ ಎರಡನೆಯ ಅಲೆಯಲ್ಲಿಯೇ ಮುಳುಗಿತೆಂಬುದನ್ನು ತಾವು ಬರೆಯದೆ ಬಿಟ್ಟಿದ್ದೀರಿ.

ಧಾರವಾಡದಿಂದ:
ಇಬ್ಬರೂ ಲೈಫ್ ಜಾಕೆಟ್‌ಗಳ ಮಾತೇ ಎತ್ತಲಿಲ್ಲ. ಪ್ರತಿ ಸುತ್ತಿನ ನಂತರ ಅವುಗಳಿಗೆ ಸೋಂಕು ಕೊಲ್ಲುವ ಕ್ಲೋರಿನ್ ದ್ರಾವಣ, ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸುತ್ತಿದ್ದೆವು. ಕಣ್ಣೆದುರು ಸಿಂಪಡಿಸಿದರೆ ಮಾತ್ರ ತಾಯಂದಿರು ಮಕ್ಕಳನ್ನು ಹತ್ತಿಸುತ್ತಿದ್ದರು. ಮೂರು ತಿಂಗಳಲ್ಲಿ ಕಿತ್ತಳೆ ಬಣ್ಣ ಹೋಗಿ ಬೂದಿಯಾಯಿತು. ಒಂದು ಸಂಜೆ ಪಟ್ಟಿಯನ್ನು ಬಿಗಿಯಾಗಿ ಎಳೆದಾಗ ಹೊಲಿಗೆ ಸರ್ರನೆ ಬಿಚ್ಚಿ ಬಕಲ್ ನನ್ನ ಕೈಯಲ್ಲಿಯೇ ಉಳಿಯಿತು. ಅಂದೇ ದೋಣಿ ನಿಲ್ಲಿಸಿ 42 ಜಾಕೆಟ್‌ಗಳನ್ನು ಬಿಸಾಕಿ ಹೊಸದಾಗಿ ತರಿಸಲು 37,800 ರೂಪಾಯಿ ಖರ್ಚಾಯಿತು.

ಹಾವೇರಿಯಿಂದ:
ಕ್ಲೋರಿನ್ ನೈಲಾನನ್ನು ತಿನ್ನುತ್ತದೆ, ಅಕ್ಕಾವರೇ. ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಮೂರು ಜೊತೆ ಇಟ್ಟುಕೊಂಡು ಸರದಿಯಲ್ಲಿ ಬಳಸಬೇಕಿತ್ತು. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಧಾರವಾಡದಿಂದ:
ಮೂರು ಜೊತೆ ಕೊಳ್ಳಲು ದುಡ್ಡಿದ್ದವರಿಗೆ ಎಲ್ಲವೂ ಗೊತ್ತಿರುತ್ತದೆ. ತಪಾಸಣೆಗೆ ಬಂದವರು ನೆರಳಿನಲ್ಲಿ ಒಣಗಿದ ಜಾಕೆಟ್ ಕೇಳಲಿಲ್ಲ, ಸಿಂಪಡಣೆಯ ದಾಖಲೆ ಪುಸ್ತಕ ಕೇಳಿದರು.

ಪ್ರಶ್ನೆ ಕೇಳಿದವರು:
ನನ್ನ ಕರಾರನ್ನು ಈಗಷ್ಟೇ ತೆಗೆದು ನೋಡಿದೆ. ವಿಕೋಪದ ಷರತ್ತು ಅದರಲ್ಲಿಯೂ ಇಲ್ಲ. ಅದನ್ನು ಸೇರಿಸಿದರೆ ಮಾತ್ರ ನವೀಕರಿಸುತ್ತೇನೆಂದು ಅರ್ಜಿ ಕೊಡಬಹುದೇ?

ಗದಗದಿಂದ:
ಕೊಡಿರಿ, ಉತ್ತರ ಲಿಖಿತವಾಗಿಯೇ ಬರಲಿ. ನವೀಕರಿಸಿದರೆ ನನ್ನ ಎರಡು ಹಂಸ ದೋಣಿಗಳು ಇನ್ನೂ ಶೆಡ್ಡಿನಲ್ಲಿವೆ. ಒಂದರ ಕತ್ತಿನಲ್ಲಿ ಗೇಣುದ್ದ ಬಿರುಕಿದೆ, ತಳ ಗಟ್ಟಿಯಿದೆ, ಬಂದು ನೋಡಬಹುದು. ಹಾವೇರಿಯವರಿಗೆ ಮಾತ್ರ ಕೊಡುವುದಿಲ್ಲ.