ಅಪ್‌ಡೇಟ್: ಅವ್ವನ ಮಾತ್ರೆ, ರಾತ್ರಿಯ ಗಾಬರಿ

ಸಂಧಿವಾತಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾದಾಗಿನಿಂದ ಅವ್ವನಿಗೆ ವಿಪರೀತ ಗಾಬರಿ, ಅದನ್ನು ನಿಲ್ಲಿಸಿಬಿಡಲೇ ಎಂದು ಇಲ್ಲಿ ಕೇಳಿದ್ದೆ. ನೀವೆಲ್ಲ ತಡೆದದ್ದು ಒಳ್ಳೆಯದಾಯಿತು. ಬಾಗಲಕೋಟೆಯ ನವನಗರದಲ್ಲಿ ವೈದ್ಯರಿಗೆ ತೋರಿಸಿದೆವು. ವಾರಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತಾನು ಕಾರ್ಟಿಸಾಲ್ ಎಂಬ, ದೇಹಕ್ಕೆ ಅಗತ್ಯವಾದ ಹಾರ್ಮೋನು ತಯಾರಿಸುವುದನ್ನು ತಗ್ಗಿಸಿಬಿಡುತ್ತದೆ. ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಗಾಬರಿ, ನಿದ್ರೆಗೇಡು ಈ ಔಷಧದ ಗೊತ್ತಿರುವ ಅಡ್ಡಪರಿಣಾಮಗಳೇ. ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರಕ್ಕೆ ಬದಲಿಸಿದರು, ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ.

ತನಗೆ ಹುಚ್ಚು ಹಿಡಿಯಿತೇನೋ ಎಂದು ಅವ್ವ ಒಳಗೊಳಗೇ ಅಂಜಿದ್ದಳು. ಅದು ಮಾತ್ರೆಯ ಗುಣ ಎಂದು ವೈದ್ಯರು ಹೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಒಂದು ಮಾತನ್ನು ಮೊದಲ ದಿನವೇ ಯಾರಾದರೂ ಹೇಳಬೇಕಿತ್ತು. ನಡುರಾತ್ರಿ ಎದ್ದು ಬಾಗಿಲಿನ ಅಗಳಿ ತಡಕುವುದು ಇನ್ನೂ ಪೂರ್ತಿ ನಿಂತಿಲ್ಲ. ನಿನ್ನೆ ಮಾತ್ರ ಐದರವರೆಗೆ ಮಲಗಿದ್ದಳು. ಎದ್ದು ತಾನೇ ರೊಟ್ಟಿ ಬಡಿದಳು.