ನಾಲ್ಕೈದು ಇನ್‌ಪುಟ್ ಇರುವ ಕ್ಯಾಪ್ಚರ್ ಸಾಧನ: ಬೇಕಾದ ಇನ್‌ಪುಟ್ ನಿಲ್ಲುತ್ತಿಲ್ಲ

ಬದಿಯಡ್ಕದ ಸದಸ್ಯ:
ನಮ್ಮೂರಿನ ವಾಚನಾಲಯದಲ್ಲಿರುವ ಯಕ್ಷಗಾನ, ತಾಳಮದ್ದಳೆಗಳ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಲಿನಕ್ಸ್ ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ. ವಿಡಿಯೊ ಸಿಗ್ನಲನ್ನು ಕಂಪ್ಯೂಟರಿಗೆ ತಲುಪಿಸುವ ಕ್ಯಾಪ್ಚರ್ ಸಾಧನ ಎಸ್‌ಟಿಕೆ1160 ಚಿಪ್ಪಿನದು. ಅದರಲ್ಲಿ ನಾಲ್ಕು ಕಾಂಪೊಸಿಟ್ (ಬೆಳಕು, ಬಣ್ಣ ಒಂದೇ ಹಳದಿ ಕೇಬಲಿನಲ್ಲಿ ಬರುವ) ಕಿಂಡಿ, ಒಂದು ಎಸ್-ವಿಡಿಯೊ ಕಿಂಡಿ. ವಿಸಿಆರ್‌ನ ಹಳದಿ ಕೇಬಲ್ ಎರಡನೆಯ ಕಿಂಡಿಯಲ್ಲಿದೆ, ಆದರೆ ಇನ್‌ಪುಟ್ 2 ಎಂದು ಕೊಟ್ಟರೆ ಪರದೆ ಕಪ್ಪು. ಬೇರೆ ಸಂಖ್ಯೆ ಕೊಟ್ಟು ಚಿತ್ರ ಬಂದಾಗಲೂ ಅದು ಮೇಲಕ್ಕೆ ಉರುಳುತ್ತಿರುತ್ತದೆ. ಸಹೋದ್ಯೋಗಿಯೊಬ್ಬರು ಇನ್ನೊಂದು ತಂತ್ರಾಂಶದಲ್ಲಿ ಕ್ಯಾಮ್‌ಕಾರ್ಡರ್ ನೋಡಿ ಮುಚ್ಚಿದ ಮೇಲೆ ನನ್ನದರಲ್ಲಿ ವಿಸಿಆರ್ ಕಾಣುವುದೇ ಇಲ್ಲ. ಕ್ಯಾಮ್‌ಕಾರ್ಡರ್‌ನ ಹಳದಿ ಕೇಬಲನ್ನು ಅಡಾಪ್ಟರ್ ಮೂಲಕ ಎಸ್-ವಿಡಿಯೊಗೆ ಕೊಟ್ಟಿದ್ದೇವೆ. ಆ ಚಿತ್ರಕ್ಕೆ ಬಣ್ಣವಿಲ್ಲ.

ಮಂಜೇಶ್ವರದ ಸದಸ್ಯ:
ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಸೊನ್ನೆಯಿಂದ ಎಣಿಸುತ್ತದೆ. ನಿಮ್ಮ ಎರಡನೆಯ ಕಿಂಡಿ ಅದಕ್ಕೆ 1, ಎಸ್-ವಿಡಿಯೊ 4. ನೀವು 2 ಎಂದಾಗ ಖಾಲಿ ಇರುವ ಮೂರನೆಯ ಕಿಂಡಿಯನ್ನು ಅದು ತೆರೆದುಕೊಟ್ಟಿದೆ. ಸಂಖ್ಯೆ ಮಿತಿಯೊಳಗೇ ಇರುವುದರಿಂದ ದೋಷಸೂಚನೆಯೂ ಬರಲಿಲ್ಲ. ಬಣ್ಣ ಹೋದದ್ದು ಅಡಾಪ್ಟರ್‌ನಿಂದ. ಎಸ್-ವಿಡಿಯೊದಲ್ಲಿ ಬೆಳಕು, ಬಣ್ಣ ಎರಡೂ ಬೇರೆ ಬೇರೆ ತಂತಿಗಳಲ್ಲಿ ಬರುತ್ತವೆ. ಹಳದಿ ಕೇಬಲಿನ ಮಿಶ್ರ ಸಿಗ್ನಲ್ ಬೆಳಕಿನ ತಂತಿಗಷ್ಟೇ ಸಿಕ್ಕಿದರೆ ಡಿಕೋಡರ್ (ಸಿಗ್ನಲನ್ನು ಚಿತ್ರವಾಗಿಸುವ ಭಾಗ) ಬಣ್ಣವನ್ನು ಖಾಲಿ ತಂತಿಯಲ್ಲಿ ಹುಡುಕುತ್ತದೆ. ವೇಷದ ಅಂಚುಗಳಲ್ಲಿ ಸಣ್ಣ ಚುಕ್ಕಿಗಳ ಬಲೆ ಕಾಣುತ್ತಿದೆಯೇ ನೋಡಿ. ಕಂಡರೆ ಇದೇ ಕಾರಣ. ಆ ಕೇಬಲನ್ನು ಮೊದಲನೆಯ ಕಿಂಡಿಗೆ ಹಾಕಿ 0 ಆರಿಸಿ.

ತಾಳವಾಡಿಯ ಸದಸ್ಯ:
ಉಳಿದೆರಡು ತೊಂದರೆಗಳು ಡ್ರೈವರ್‌ಗೆ ಸಂಬಂಧಿಸಿದವು. ಆರಿಸಿದ ಇನ್‌ಪುಟ್ ಇಡೀ ಸಾಧನಕ್ಕೆ ಸೇರಿದ ಸ್ಥಿತಿ, ತೆರೆದ ತಂತ್ರಾಂಶದ್ದಲ್ಲ. ಮುಚ್ಚಿದ ಮೇಲೂ ಅದು ಹಾಗೆಯೇ ಉಳಿಯುವುದರಿಂದ ನಿಮ್ಮ ತಂತ್ರಾಂಶ ತೆರೆದಾಗಲೆಲ್ಲ ಮತ್ತೆ ಆರಿಸಬೇಕು. ಚಿತ್ರ ಉರುಳುವುದಕ್ಕೆ ಕಾರಣ, ಈ ಡ್ರೈವರ್ ಸಾಧನ ಸಿಕ್ಕಿಸಿದಾಗ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಮಾನದಂಡ) ಎಂದು ಹೊರಡುತ್ತದೆ. ನಮ್ಮ ಕ್ಯಾಸೆಟ್‌ಗಳು ಪಾಲ್, ಅಂದರೆ ಸೆಕೆಂಡಿಗೆ 25 ಫ್ರೇಮ್, 625 ಗೆರೆ. ಆದ್ದರಿಂದ ಮೊದಲು ಇನ್‌ಪುಟ್, ಬಳಿಕ ಪಾಲ್, ಕೊನೆಗೆ 720×576 ಗಾತ್ರ. ಇನ್‌ಪುಟ್ ಬದಲಾದರೆ ಮುಂದಿನ ಎರಡೂ ಬದಲಾಗಬಹುದು ಎಂದು ಲಿನಕ್ಸ್‌ನ ವಿಡಿಯೊ ವ್ಯವಸ್ಥೆಯಾದ ವಿ4ಎಲ್2ರ ನಿಯಮವೇ ಹೇಳುವುದರಿಂದ ಈ ಅನುಕ್ರಮವನ್ನು ತಪ್ಪಿಸಬಾರದು. ಸಿಗ್ನಲ್ ಇದೆಯೋ ಇಲ್ಲವೋ ಎಂದು ತಿಳಿಸುವ ಅಂಕಣವನ್ನು ಎಲ್ಲ ಡ್ರೈವರ್‌ಗಳೂ ತುಂಬುವುದಿಲ್ಲ, ಅದನ್ನೇ ನಂಬಿ ಕೂರಬೇಡಿ.

ಬದಿಯಡ್ಕದ ಸದಸ್ಯ:
ವಂದನೆಗಳು, ವಿಸಿಆರ್ ಚಿತ್ರ ಈಗ ನಿಂತಿದೆ. ಇದೇ ಸಾಧನದಿಂದ ಬಯಲಾಟಕ್ಕೆ ನಾಲ್ಕು ಕ್ಯಾಮೆರಾ ಜೋಡಿಸಿ, ರೆಕಾರ್ಡಿಂಗ್ ನಡುವೆ ಇನ್‌ಪುಟ್ ಬದಲಿಸಬಹುದೇ?

ತಾಳವಾಡಿಯ ಸದಸ್ಯ:
ಬೇಡ. ಕಿಂಡಿ ನಾಲ್ಕಿದ್ದರೂ ಒಳಗೆ ಡಿಕೋಡರ್ ಒಂದೇ. ಈ ಸಾಧನದಲ್ಲಿ ನಾಲ್ಕೂ ಕಾಂಪೊಸಿಟ್‌ಗಳನ್ನು ಹೊರಗಿನ ಸ್ವಿಚ್ಚೊಂದು ಡಿಕೋಡರ್‌ನ ಒಂದೇ ಪಿನ್ನಿಗೆ ಕಳಿಸುತ್ತದೆ. ಕ್ಯಾಮೆರಾಗಳ ಸಿಂಕ್ (ಫ್ರೇಮ್ ಶುರುವಾಗುವ ಸಮಯ) ಒಂದಕ್ಕೊಂದು ಹೊಂದಿರುವುದಿಲ್ಲವಾದ್ದರಿಂದ ಪ್ರತಿ ಸಲವೂ ಡಿಕೋಡರ್ ಹೊಸ ಸಿಗ್ನಲ್‌ಗೆ ಹೊಂದಿಕೊಳ್ಳುವಷ್ಟರಲ್ಲಿ ಕೆಲವು ಫ್ರೇಮ್‌ಗಳು ಹರಿದು ಹೋಗುತ್ತವೆ. ಕೆಲವು ಡ್ರೈವರ್‌ಗಳು ರೆಕಾರ್ಡಿಂಗ್ ನಡೆಯುವಾಗ ಬದಲಾವಣೆಯನ್ನೇ ನಿರಾಕರಿಸುತ್ತವೆ, ಅದು ನ್ಯಾಯವೂ ಹೌದು. ನಾಲ್ಕು ಕ್ಯಾಮೆರಾ ಬೇಕೆಂದರೆ ಮುಂದೊಂದು ವಿಡಿಯೊ ಮಿಕ್ಸರ್ ಇಟ್ಟು, ಅದರ ಔಟ್‌ಪುಟ್ ಒಂದನ್ನೇ ಈ ಸಾಧನಕ್ಕೆ ಕೊಡಿ.